ಅಡಮಾನದ ಮನೆ ಹರಾಜಾದ ಮೇಲೆ ಸ್ವಾಧೀನ ಯಾರಿಗೆ? ಯಾವಾಗ? ಹೇಗೆ?



ಈ ಪುಟದಲ್ಲಿ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಕರು ಸಾಕಣೆ, ಹಸಿರು ಮೇವು ಮುಂತಾದ ವಿಷಯಗಳನ್ನು ಬರೆಯುವುದು ವಾಡಿಕೆ. ಈ ಬಾರಿ ಕೊಟ್ಟಿಗೆಯಿಂದ ಸ್ವಲ್ಪ ಹೊರಗೆ ಬಂದು ಕೊಟ್ಟಿಗೆ ನಿಂತಿರುವ ಜಾಗದ ಬಗ್ಗೆಯೇ ಬರೆಯಬೇಕಾಗಿದೆ. ಸಂಘಗಳ ಸಭೆಗೆ, ಬಂಜೆತನ ನಿವಾರಣಾ ಶಿಬಿರಕ್ಕೆ ಹೋದಾಗ ಹಸುವಿನ ಮಾತು ಮುಗಿದ ಮೇಲೆ ಸದಸ್ಯರು ಮೆಲ್ಲಗೆ ಕೇಳುವ ಪ್ರಶ್ನೆಗಳಿವೆ. ಬ್ಯಾಂಕಿನವರು ಬಾಗಿಲಿಗೆ ನೋಟಿಸು ಅಂಟಿಸಿದರೆ ಮನೆ ಹೋದಂತೆಯೇ? ಹರಾಜು ಆದ ಮಾರನೆಯ ದಿನವೇ ಹೊರಗೆ ಹಾಕುತ್ತಾರೆಯೇ? ಹಸುಗಳ ಗತಿ ಏನು? ನಾನು ವಕೀಲನಲ್ಲ, ಪಶುವೈದ್ಯ. ಆದರೂ ರೋಗದ ಲಕ್ಷಣ ಗೊತ್ತಿದ್ದವರು ಹೊತ್ತಿಗೆ ಸರಿಯಾಗಿ ವೈದ್ಯರ ಬಳಿ ಬರುವಂತೆ, ಕಾಯ್ದೆಯ ಮುಖ್ಯ ಅಂಶಗಳು ಗೊತ್ತಿದ್ದವರು ಹೊತ್ತಿಗೆ ಸರಿಯಾಗಿ ವಕೀಲರ ಬಳಿ ಹೋಗುತ್ತಾರೆ. ಈ ಲೇಖನದ ಉದ್ದೇಶ ಅಷ್ಟೇ.

ನಮ್ಮ ಭಾಗದಲ್ಲಿ ಇದು ಏಕೆ ಮುಖ್ಯ?

ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಗಳೆಲ್ಲ ಹಿಂದೆ ದನ ಮೇಯುತ್ತಿದ್ದ ಊರುಗಳೇ. ಬಿ.ಟಿ.ಎಂ. ಬಡಾವಣೆಯ ಹೆಸರು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲ ಅಕ್ಷರಗಳಿಂದ ಬಂದದ್ದು. ಜಯನಗರದ ಪಕ್ಕದಲ್ಲಿ ಯಡಿಯೂರು, ಜೆ.ಪಿ. ನಗರದ ಪಕ್ಕದಲ್ಲಿ ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ, ಬನಶಂಕರಿಯ ಪಕ್ಕದಲ್ಲಿ ಕತ್ರಿಗುಪ್ಪೆ, ಕದಿರೇನಹಳ್ಳಿ, ಹೊಸಕೆರೆಹಳ್ಳಿ ಇವೆ. ಇಂಥ ಹಳೆಯ ಊರುಗಳ ಓಣಿಗಳಲ್ಲಿ ಹಿತ್ತಲಲ್ಲಿ ಎರಡು ಮೂರು ಹಸು ಕಟ್ಟಿ ಜೀವನ ಮಾಡುವ ಮನೆಗಳಿವೆ. ಅಲ್ಲಿಂದ ಆಚೆಗೆ ಬನ್ನೇರುಘಟ್ಟ, ಕಗ್ಗಲೀಪುರ, ಆನೇಕಲ್ ಕಡೆಯ ಸದಸ್ಯರಿಗೆ ಜಮೀನಿನ ಬೆಲೆಯೇ ದೊಡ್ಡ ಆಸ್ತಿ. ಹಾಲಿನ ಬಿಲ್ಲು ಸಣ್ಣದು, ಜಾಗದ ಬೆಲೆ ದೊಡ್ಡದು. ಆದುದರಿಂದ ಸಾಲ ಕೊಡುವವರು ಮೊದಲು ಕೇಳುವುದು ಜಾಗದ ಪತ್ರವನ್ನೇ. ಮಗನ ವ್ಯಾಪಾರಕ್ಕೆ, ಮಗಳ ಮದುವೆಗೆ, ಅಳಿಯನ ಮನೆ ಸಾಲದ ಜಾಮೀನಿಗೆ ಎಂದು ಪತ್ರ ಕೊಟ್ಟುಬಿಡುವುದು ಸುಲಭ. ಅದನ್ನು ಬಿಡಿಸಿಕೊಳ್ಳುವ ದಾರಿ ಗೊತ್ತಿರುವುದಿಲ್ಲ.

ಅಡಮಾನದ ಬಗೆಗಳು

1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿ ಅಡಮಾನದ ಹಲವು ಬಗೆಗಳಿವೆ. ನಮಗೆ ಬೇಕಾದವು ನಾಲ್ಕು.

ಸಾದಾ ಅಡಮಾನದಲ್ಲಿ ಸ್ವಾಧೀನ ನಿಮ್ಮಲ್ಲೇ ಇರುತ್ತದೆ. ಸಾಲ ತೀರದಿದ್ದರೆ ಸ್ವತ್ತನ್ನು ಮಾರಿಸಿ ಹಣ ಪಡೆಯುವ ಹಕ್ಕು ಮಾತ್ರ ಸಾಲ ಕೊಟ್ಟವರಿಗಿದೆ. ಬ್ಯಾಂಕಿಗೆ ಮೂಲ ಪತ್ರಗಳನ್ನು ಒಪ್ಪಿಸಿ ಸಾಲ ಪಡೆಯುವುದು ಪತ್ರಗಳ ಒತ್ತೆಯ ಅಡಮಾನ. ಪಟ್ಟಣಗಳಲ್ಲಿ ಹೆಚ್ಚಾಗಿ ನಡೆಯುವುದು ಇದೇ. ಇದರಲ್ಲಿಯೂ ಸ್ವಾಧೀನ ನಿಮ್ಮದೇ. ಭೋಗ್ಯದ ಅಡಮಾನದಲ್ಲಿ ಸಾಲ ಕೊಟ್ಟವರು ಮೊದಲ ದಿನದಿಂದಲೇ ಜಾಗದಲ್ಲಿದ್ದು ಅದರ ಫಲ ಅನುಭವಿಸುತ್ತಾರೆ.

ನಾಲ್ಕನೆಯದು ಷರತ್ತಿನ ಕ್ರಯ. ಇದರಲ್ಲಿ ಬಹಳ ಎಚ್ಚರಿಕೆ ಬೇಕು. ಕೈಸಾಲ ಕೊಡುವ ಕೆಲವರು ಅಡಮಾನ ಪತ್ರ ಬರೆಸದೆ ಕ್ರಯಪತ್ರವನ್ನೇ ಬರೆಸಿಕೊಂಡು, ಸಾಲ ತೀರಿಸಿದರೆ ವಾಪಸು ಬರೆದುಕೊಡುತ್ತೇವೆ ಎಂದು ಬೇರೊಂದು ಕಾಗದದಲ್ಲಿ ಬರೆದುಕೊಡುತ್ತಾರೆ. ಹಿಂತಿರುಗಿಸುವ ಷರತ್ತು ಕ್ರಯಪತ್ರದ ಒಳಗೇ ಇಲ್ಲದಿದ್ದರೆ ಕಾಯ್ದೆ ಅದನ್ನು ಅಡಮಾನವೆಂದು ಒಪ್ಪುವುದಿಲ್ಲ. ಅಂದರೆ ನೀವು ಸಾಲವೆಂದುಕೊಂಡದ್ದು ಕಾಯ್ದೆಯ ಕಣ್ಣಿಗೆ ಮಾರಾಟವಾಗಿರುತ್ತದೆ. ಮುಂದೆ ಹೇಳುವ ಯಾವ ರಕ್ಷಣೆಯೂ ಇಂಥವರಿಗೆ ಸುಲಭವಾಗಿ ದೊರೆಯದು. ಸಾಲಕ್ಕೆ ಕ್ರಯಪತ್ರ, ಖಾಲಿ ಛಾಪಾ ಕಾಗದ, ಅಧಿಕಾರ ಪತ್ರ ಇವುಗಳಿಗೆ ಎಂದಿಗೂ ರುಜು ಹಾಕಬೇಡಿ.

ಸಾಲ ಕೊಟ್ಟವರು ಯಾರು ಎಂಬುದನ್ನು ಮೊದಲು ನೋಡಿ

ಸ್ವಾಧೀನ ಪಡೆಯುವ ದಾರಿ ಎಲ್ಲರಿಗೂ ಒಂದೇ ಅಲ್ಲ.

ಖಾಸಗಿ ವ್ಯಕ್ತಿ ಸಾಲ ಕೊಟ್ಟಿದ್ದರೆ ಅವರು ತಾವಾಗಿ ಬಂದು ಬೀಗ ಹಾಕುವಂತಿಲ್ಲ. ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹಾಕಿ, ಡಿಕ್ರಿ ಪಡೆದು, ನ್ಯಾಯಾಲಯದ ಮೂಲಕವೇ ಹರಾಜು ಮಾಡಿಸಬೇಕು.

ಬ್ಯಾಂಕ್ ಆಗಿದ್ದರೆ 2002ರ ಸರ್ಫೇಸಿ ಕಾಯ್ದೆಯಂತೆ ದಾವೆ ಹೂಡದೆಯೇ ಸ್ವತ್ತನ್ನು ವಶಕ್ಕೆ ಪಡೆದು ಮಾರಬಹುದು. ಈ ಕಾಯ್ದೆಯನ್ನು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಸಾಲಗಾರ ದೂರು ಕೊಡುವ ಮುನ್ನ ಬಾಕಿಯ ಶೇ. 75ರಷ್ಟು ಕಟ್ಟಬೇಕೆಂಬ ಷರತ್ತನ್ನು ಮಾತ್ರ ಅದೇ ತೀರ್ಪು ರದ್ದು ಮಾಡಿತು. ಮನೆ ಸಾಲದ ಕಂಪನಿಗಳಿಗೂ, ನಿಗದಿತ ಗಾತ್ರದ ಹಣಕಾಸು ಕಂಪನಿಗಳು ಕೊಟ್ಟ 20 ಲಕ್ಷ ರೂಪಾಯಿ ಮತ್ತು ಮೇಲ್ಪಟ್ಟ ಸಾಲಗಳಿಗೂ ಇದು ಅನ್ವಯಿಸುತ್ತದೆ. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರ ಉಂಟೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2020ರ ಮೇ 5ರಂದು ತೀರ್ಪು ಕೊಟ್ಟಿದೆ. ನಮ್ಮದೇ ಸಹಕಾರಿ ಬ್ಯಾಂಕು, ಅಧ್ಯಕ್ಷರು ಗುರುತಿನವರು ಎಂದು ನೋಟಿಸನ್ನು ಗೂಡಿಗೆ ಸಿಕ್ಕಿಸುವ ಕಾಲ ಹೋಯಿತು.

ಊರಿನ ಪತ್ತಿನ ಸಹಕಾರ ಸಂಘ ಬ್ಯಾಂಕಲ್ಲ. ಅದರ ವಸೂಲಿ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ, ಸಹಕಾರ ಇಲಾಖೆಯ ಅಧಿಕಾರಿಗಳ ಮುಂದೆ ವಿವಾದ ದಾಖಲಾಗಿ, ತೀರ್ಪಾಗಿ, ಜಾರಿಯ ಮೂಲಕ ನಡೆಯುತ್ತದೆ.

ಬ್ಯಾಂಕಿನ ದಾರಿ: ದಿನಗಳ ಲೆಕ್ಕ

ಕೆಚ್ಚಲು ಬಾವಿನಲ್ಲಿ ಮೊದಲ ದಿನ ಹಾಲಿನಲ್ಲಿ ಕಂಡ ಗರಣೆಯನ್ನು ಅಲಕ್ಷ್ಯ ಮಾಡಿದರೆ ಒಂದು ಮೊಲೆಯೇ ಹೋಗುತ್ತದೆ. ಇಲ್ಲಿಯೂ ಪ್ರತಿಯೊಂದು ಹಂತಕ್ಕೆ ಇಂತಿಷ್ಟು ದಿನ ಎಂದಿದೆ. ಆ ದಿನಗಳು ಕಳೆದರೆ ಆ ಹಂತದ ಔಷಧಿ ಮತ್ತೆ ಸಿಗದು.

ಮೊದಲನೆಯದಾಗಿ, ಕಂತು 90 ದಿನ ಮೀರಿ ನಿಂತರೆ ಸಾಮಾನ್ಯವಾಗಿ ಆ ಸಾಲ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಬೆಳೆ ಸಾಲಕ್ಕೆ ಬೆಳೆಯ ಹಂಗಾಮಿನ ಲೆಕ್ಕವಿದೆ. ಮನೆ ಸಾಲ, ವ್ಯಾಪಾರದ ಸಾಲಗಳಿಗೆ ಆ ರಿಯಾಯಿತಿ ಇಲ್ಲ. ಹಸು ಸಾಲಕ್ಕೂ ಅದು ಉಂಟೆಂದು ಭಾವಿಸಿ ಕೂರಬೇಡಿ.

ಎರಡನೆಯದಾಗಿ, 13ನೇ ಕಲಮಿನ ಬೇಡಿಕೆ ನೋಟಿಸು ಬರುತ್ತದೆ. ಇದರಲ್ಲಿ ಬಾಕಿಯ ವಿವರ ಇರಬೇಕು. ಹಣ ಕಟ್ಟಲು 60 ದಿನಗಳ ಕಾಲಾವಕಾಶವಿದೆ. ಲೆಕ್ಕ ತಪ್ಪಿದ್ದರೆ, ಕಟ್ಟಿದ ಹಣ ಜಮೆಯಾಗಿಲ್ಲದಿದ್ದರೆ, ಜಮೀನು ಕೃಷಿಯದ್ದಾಗಿದ್ದರೆ ಇದೇ ಸಮಯದಲ್ಲಿ ಬರಹದಲ್ಲಿ ಆಕ್ಷೇಪಣೆ ಕೊಡಬೇಕು. ಬ್ಯಾಂಕು 15 ದಿನಗಳೊಳಗೆ ಕಾರಣ ಸಹಿತ ಉತ್ತರ ಕೊಡಬೇಕು. ಬಾಯಿ ಮಾತಿನ ಆಕ್ಷೇಪಣೆಗೆ ಬೆಲೆಯಿಲ್ಲ. ಸ್ವೀಕೃತಿ ಪಡೆಯಿರಿ ಅಥವಾ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ.

ಮೂರನೆಯದಾಗಿ, 60 ದಿನ ಕಳೆದ ಮೇಲೆ ಬ್ಯಾಂಕಿನ ಅಧಿಕೃತ ಅಧಿಕಾರಿ ಸ್ವಾಧೀನದ ನೋಟಿಸನ್ನು ಮನೆಗೆ ಅಂಟಿಸಿ, 7 ದಿನಗಳೊಳಗೆ ಎರಡು ಪತ್ರಿಕೆಗಳಲ್ಲಿ ಪ್ರಕಟಿಸುತ್ತಾರೆ. ಒಂದು ಪತ್ರಿಕೆ ಸ್ಥಳೀಯ ಭಾಷೆಯದಾಗಿರಬೇಕು. ಜಯನಗರ, ಜೆ.ಪಿ. ನಗರದ ಮನೆಗಳ ಚಕ್ಕುಬಂದಿ ಸಮೇತ ಪತ್ರಿಕೆಗಳಲ್ಲಿ ಬರುವ ಸಣ್ಣ ಅಕ್ಷರದ ಪ್ರಕಟಣೆಗಳು ಇವೇ.

ನಾಲ್ಕನೆಯದಾಗಿ, ಅಂಗೀಕೃತ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ ಕನಿಷ್ಠ ದರ ಗೊತ್ತುಮಾಡಿ, ಸಾಲಗಾರನಿಗೆ 30 ದಿನಗಳ ಮಾರಾಟ ನೋಟಿಸು ಕೊಡಬೇಕು. ಮೊದಲ ಹರಾಜು ಸಾಗದೆ ಮತ್ತೊಮ್ಮೆ ನಡೆಸುವುದಾದರೆ 15 ದಿನಗಳ ನೋಟಿಸು ಸಾಕು. ಕನಿಷ್ಠ ದರಕ್ಕಿಂತ ಕಡಿಮೆಗೆ ಮಾರಲು ನಿಮ್ಮ ಒಪ್ಪಿಗೆಯೂ ಬೇಕು.

ಐದನೆಯದಾಗಿ, ಹರಾಜು ಹಿಡಿದವರು ಅದೇ ದಿನ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಶೇ. 25ರಷ್ಟನ್ನೂ, ಉಳಿದದ್ದನ್ನು 15 ದಿನಗಳಲ್ಲಿಯೂ ಕಟ್ಟಬೇಕು. ಪರಸ್ಪರ ಬರಹದ ಒಪ್ಪಿಗೆಯಿದ್ದರೆ ಈ ಅವಧಿ 3 ತಿಂಗಳವರೆಗೆ ಬೆಳೆಯಬಹುದು. ಪೂರ್ತಿ ಹಣ ಬಂದ ಮೇಲೆ ಮಾರಾಟ ಪ್ರಮಾಣಪತ್ರ ಕೊಡುತ್ತಾರೆ.

ಸಾಂಕೇತಿಕ ಸ್ವಾಧೀನ, ನಿಜ ಸ್ವಾಧೀನ

ಬಾಗಿಲಿಗೆ ನೋಟಿಸು ಅಂಟಿಸಿ, ಪತ್ರಿಕೆಯಲ್ಲಿ ಪ್ರಕಟಿಸಿ, ನೀವು ಒಳಗೇ ವಾಸವಾಗಿರುವುದಕ್ಕೆ ಸಾಂಕೇತಿಕ ಸ್ವಾಧೀನ ಎನ್ನುತ್ತಾರೆ. ಬೀಗದ ಕೈ ಬ್ಯಾಂಕಿನ ಕೈಗೆ ಹೋಗುವುದು ನಿಜ ಸ್ವಾಧೀನ. ಅನೇಕರು ನೋಟಿಸು ಅಂಟಿಸಿದ ದಿನವೇ ಎಲ್ಲ ಮುಗಿಯಿತೆಂದು ಹೆದರಿ ಹಸುಗಳನ್ನು ಬಂದ ಬೆಲೆಗೆ ಮಾರುತ್ತಾರೆ. ಇನ್ನು ಕೆಲವರು ಒಳಗೇ ಇದ್ದೇವಲ್ಲ, ಯಾರು ಏನು ಮಾಡಿಯಾರು ಎಂದು ಸುಮ್ಮನಿರುತ್ತಾರೆ. ಎರಡೂ ತಪ್ಪು.

ನೀವಾಗಿ ಬಿಟ್ಟುಕೊಡದಿದ್ದರೆ ಬ್ಯಾಂಕು ಗೂಂಡಾಗಳನ್ನು ಕಳುಹಿಸುವಂತಿಲ್ಲ. 14ನೇ ಕಲಮಿನಂತೆ ದಂಡಾಧಿಕಾರಿಗೆ ಅರ್ಜಿ ಹಾಕಬೇಕು. ಬೆಂಗಳೂರು ನಗರದೊಳಗೆ ಅದು ಮುಖ್ಯ ದಂಡಾಧಿಕಾರಿಯವರ ನ್ಯಾಯಾಲಯ. ಕಾಯ್ದೆಯ ಪುಸ್ತಕದಲ್ಲಿ ಮುಖ್ಯ ಮಹಾನಗರ ದಂಡಾಧಿಕಾರಿ ಎಂಬ ಹೆಸರಿದೆ. ಗ್ರಾಮಾಂತರ ಭಾಗದಲ್ಲಿ ಜಿಲ್ಲಾ ದಂಡಾಧಿಕಾರಿಗಳು, ಅಂದರೆ ಜಿಲ್ಲಾಧಿಕಾರಿಗಳು. ಅರ್ಜಿಯ ಮೇಲೆ 30 ದಿನಗಳಲ್ಲಿ, ಹೆಚ್ಚೆಂದರೆ 60 ದಿನಗಳಲ್ಲಿ ಆದೇಶ ಮಾಡಬೇಕೆಂದು ಕಾಯ್ದೆ ಹೇಳುತ್ತದೆ. ಆದೇಶ ಜಾರಿಗೆ ಅಧಿಕಾರಿಯನ್ನೋ ವಕೀಲ ಕಮಿಷನರನ್ನೋ ನೇಮಿಸಬಹುದು, ಪೊಲೀಸರ ನೆರವೂ ಇರುತ್ತದೆ. ದಂಡಾಧಿಕಾರಿಗಳು ಅಲ್ಲಿ ಸಾಲ ಸರಿಯೇ ತಪ್ಪೇ ಎಂದು ವಿಚಾರಣೆ ಮಾಡುವುದಿಲ್ಲ. ಆ ವಾದಕ್ಕೆ ಬೇರೆ ಜಾಗವಿದೆ. ಅದನ್ನು ಮುಂದೆ ಹೇಳುತ್ತೇನೆ.

ಹರಾಜಾದ ಮೇಲೆಯೂ ಬ್ಯಾಂಕಿಗೆ ಸ್ವಾಧೀನದ ಹಕ್ಕು ಉಂಟೆ?

ಇದೇ ಮುಖ್ಯ ಪ್ರಶ್ನೆ. ಸಾಂಕೇತಿಕ ಸ್ವಾಧೀನದಲ್ಲಿಯೇ ಹರಾಜು ಮಾಡಿ ಮಾರಾಟ ಪ್ರಮಾಣಪತ್ರ ಕೊಟ್ಟ ಮೇಲೆ ಸ್ವತ್ತು ಕೊಂಡವರದ್ದಾಯಿತು, ಇನ್ನು ಬ್ಯಾಂಕಿಗೆ ನಮ್ಮನ್ನು ಬಿಡಿಸುವ ಅಧಿಕಾರ ಎಲ್ಲಿಯದು ಎಂದು ವಾದಿಸುವವರಿದ್ದಾರೆ.

ನೆರೆಯ ಗೋವಾ ರಾಜ್ಯದ ಒಂದು ಹೋಟೆಲಿನ ಪ್ರಕರಣದಲ್ಲಿ ಈ ವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಬ್ಲೂ ಕೋಸ್ಟ್ ಹೋಟೆಲ್ಸ್ ಕಂಪನಿಗೆ ಐ.ಎಫ್.ಸಿ.ಐ. ಸಂಸ್ಥೆ ಸಾಲ ಕೊಟ್ಟಿತ್ತು. ಸಾಲ ನಿಂತಾಗ ಸಂಸ್ಥೆ ಸಾಂಕೇತಿಕ ಸ್ವಾಧೀನ ಪಡೆದು 2015ರಲ್ಲಿ ಹೋಟೆಲನ್ನು ಐ.ಟಿ.ಸಿ. ಕಂಪನಿಗೆ ಸುಮಾರು 515 ಕೋಟಿ ರೂಪಾಯಿಗೆ ಮಾರಿತು. ಹೋಟೆಲಿನ ಜಾಗದಲ್ಲಿ ಕೃಷಿ ಜಮೀನೂ ಸೇರಿದೆ ಎಂಬುದು ಸಾಲಗಾರರ ಒಂದು ವಾದ. ಮಾರಾಟದ ನಂತರ ಸ್ವಾಧೀನಕ್ಕೆ ಅರ್ಜಿ ಹಾಕುವಂತಿಲ್ಲ ಎಂಬುದು ಇನ್ನೊಂದು. 2018ರ ಮಾರ್ಚಿನಲ್ಲಿ ಬಂದ ತೀರ್ಪಿನಲ್ಲಿ ಎರಡೂ ನಿಲ್ಲಲಿಲ್ಲ. ನಿಜ ಸ್ವಾಧೀನ ಕೊಂಡವರಿಗೆ ತಲುಪುವವರೆಗೆ ಸಾಲ ಕೊಟ್ಟವರ ಕೆಲಸ ಮುಗಿಯುವುದಿಲ್ಲ, ಆದುದರಿಂದ ಹರಾಜಿನ ನಂತರವೂ ಅವರು 14ನೇ ಕಲಮಿನಡಿ ನೆರವು ಕೇಳಬಹುದು ಎಂದಾಯಿತು.

ಕೋಟಿಗಟ್ಟಲೆಯ ಹೋಟೆಲಿಗೆ ಅನ್ವಯಿಸಿದ ಮಾತು 30x40 ನಿವೇಶನದ ಮನೆಗೂ ಅನ್ವಯಿಸುತ್ತದೆ. ಹರಾಜಾದ ಮೇಲೆ ಒಳಗೆ ಕುಳಿತಿರುವುದರಿಂದ ಹಕ್ಕು ಬೆಳೆಯುವುದಿಲ್ಲ, ಖರ್ಚು ಬೆಳೆಯುತ್ತದೆ.

ಬಿಡಿಸಿಕೊಳ್ಳುವ ಕೊನೆಯ ಗಡುವು

ಹಿಂದೆ ಮಾರಾಟ ಪೂರ್ಣಗೊಳ್ಳುವವರೆಗೂ ಹಣ ಕಟ್ಟಿ ಸ್ವತ್ತನ್ನು ಬಿಡಿಸಿಕೊಳ್ಳಬಹುದು ಎಂಬ ತಿಳಿವಳಿಕೆ ಇತ್ತು. ಸರ್ಫೇಸಿ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ನಂತರ ಇದು ಬದಲಾಗಿದೆ. ಹರಾಜಿನ ನೋಟಿಸು ಪ್ರಕಟವಾಗುವ ಮುನ್ನವೇ ಅಸಲು, ಬಡ್ಡಿ, ಖರ್ಚು ಪೂರ್ತಿ ಕಟ್ಟಿದರೆ ಮಾತ್ರ ಬಿಡಿಸಿಕೊಳ್ಳುವ ಹಕ್ಕು ಉಂಟು. 2023ರ ಸೆಪ್ಟೆಂಬರಿನಲ್ಲಿ ಸೆಲಿರ್ ಮತ್ತು ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಖಚಿತಪಡಿಸಿತು. ಹರಾಜಿನ ದಿನ ಹಣದ ಚೀಲ ಹಿಡಿದು ಹೋದರೆ ಬ್ಯಾಂಕು ಒಪ್ಪಲೇಬೇಕೆಂದಿಲ್ಲ. ದೊಡ್ಡ ಮೊತ್ತ ಹೊಂದಿಸುವವರು ಈ ಗಡುವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ಒಂದೇ ಕಂತಿನ ರಾಜಿ ತೀರುವಳಿಯನ್ನು ಬ್ಯಾಂಕು ಒಪ್ಪಬಹುದು, ಬಿಡಬಹುದು. ಅದು ಸಾಲಗಾರನ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಹೇಳಿದೆ. ಮಾತುಕತೆ ನಡೆಯುತ್ತಿದೆ ಎಂದು ದಿನಗಳ ಲೆಕ್ಕ ಮರೆಯಬೇಡಿ.

ದೂರು ಎಲ್ಲಿ?

ಬ್ಯಾಂಕಿನ ಕ್ರಮದಲ್ಲಿ ತಪ್ಪಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಸಾಮಾನ್ಯವಾಗಿ ಹೋಗುವಂತಿಲ್ಲ. ಬೆಂಗಳೂರಿನಲ್ಲಿರುವ ಸಾಲ ವಸೂಲಾತಿ ನ್ಯಾಯಮಂಡಳಿಗೆ 17ನೇ ಕಲಮಿನಂತೆ 45 ದಿನಗಳೊಳಗೆ ಅರ್ಜಿ ಹಾಕಬೇಕು. ಕ್ರಮ ತಪ್ಪೆಂದು ಕಂಡರೆ ಸ್ವಾಧೀನವನ್ನು ನಿಮಗೆ ವಾಪಸು ಕೊಡಿಸುವ ಅಧಿಕಾರ ಮಂಡಳಿಗಿದೆ. ಅದರ ಮೇಲಿನ ಮೇಲ್ಮನವಿ ಚೆನ್ನೈನಲ್ಲಿ. ಅಲ್ಲಿಗೆ ಹೋಗಲು ಸಾಲಗಾರ ಬಾಕಿಯ ಶೇ. 50ರಷ್ಟನ್ನು ಠೇವಣಿ ಇಡಬೇಕು. ಇದನ್ನು ಶೇ. 25ರವರೆಗೆ ಇಳಿಸಬಹುದು. ಆದುದರಿಂದ ಮೊದಲ ಮೆಟ್ಟಿಲಿನಲ್ಲಿಯೇ ಕಾಗದಪತ್ರ ಸರಿಯಾಗಿ ಒದಗಿಸುವುದು ಲಾಭ.

ನ್ಯಾಯಾಲಯದ ಹರಾಜಾದರೆ

ಖಾಸಗಿ ಸಾಲದಲ್ಲಿ ನ್ಯಾಯಾಲಯ ಮೊದಲು ಪ್ರಾಥಮಿಕ ಡಿಕ್ರಿ ಮಾಡಿ ಹಣ ಕಟ್ಟಲು 6 ತಿಂಗಳವರೆಗೆ ಅವಧಿ ಕೊಡುತ್ತದೆ. ಹರಾಜಾದ ನಂತರವೂ ಅದು ಸ್ಥಿರಗೊಳ್ಳುವವರೆಗೆ ಬಾಕಿ ಹಣವನ್ನೂ, ಹರಾಜು ಮೊತ್ತದ ಶೇ. 5ರಷ್ಟನ್ನೂ ಕಟ್ಟಿ ಬಿಡಿಸಿಕೊಳ್ಳಲು ಅವಕಾಶವಿದೆ. ಉದಾಹರಣೆಗೆ 10 ಲಕ್ಷಕ್ಕೆ ಹರಾಜಾಗಿದ್ದರೆ ಕೊಂಡವರಿಗೆ ಪರಿಹಾರವಾಗಿ 50,000 ರೂಪಾಯಿ ಸೇರಿಸಿ ಕಟ್ಟಬೇಕು. ಸಾಲ ಕೊಟ್ಟವರೇ ಹರಾಜು ಕೂಗಬೇಕಾದರೆ ನ್ಯಾಯಾಲಯದ ಅನುಮತಿ ಪಡೆದಿರಬೇಕು.

ಹರಾಜು ಸ್ಥಿರಗೊಂಡ ಮೇಲೆ, ಕೊಂಡವರು ಸಾಲ ಕೊಟ್ಟವರೇ ಆಗಿರಲಿ ಬೇರೆಯವರೇ ಆಗಿರಲಿ, ತಾವಾಗಿ ನುಗ್ಗುವಂತಿಲ್ಲ. 1 ವರ್ಷದೊಳಗೆ ನ್ಯಾಯಾಲಯಕ್ಕೆ ಸ್ವಾಧೀನದ ಅರ್ಜಿ ಹಾಕಬೇಕು. ಸಾಲಗಾರನೇ ಒಳಗಿದ್ದರೆ ಅಮೀನರು ಬಂದು ಬಿಡಿಸಿಕೊಡುತ್ತಾರೆ. ಹಕ್ಕುಳ್ಳ ಬಾಡಿಗೆದಾರನಿದ್ದರೆ ಪ್ರಮಾಣಪತ್ರದ ನಕಲು ಅಂಟಿಸಿ, ಡಂಗುರ ಹೊಡೆಸಿ, ಇನ್ನು ಮುಂದೆ ಇಂಥವರು ಮಾಲೀಕರೆಂದು ಸಾರುತ್ತಾರೆ.

ಜಮೀನಿನ ರಕ್ಷಣೆ, ಭೂಪರಿವರ್ತನೆಯ ಅಪಾಯ

ಸರ್ಫೇಸಿ ಕಾಯ್ದೆಯ 31ನೇ ಕಲಮು ಕೃಷಿ ಜಮೀನನ್ನು ಆ ಕಾಯ್ದೆಯಿಂದ ಹೊರಗಿಟ್ಟಿದೆ. ಇದು ನಮ್ಮ ಸದಸ್ಯರಿಗೆ ದೊಡ್ಡ ರಕ್ಷಣೆ. ಆದರೆ ಪಹಣಿಯಲ್ಲಿ ಕೃಷಿ ಎಂದಿದ್ದರೆ ಸಾಲದು, ನಿಜವಾಗಿ ಕೃಷಿ ನಡೆಯುತ್ತಿರಬೇಕು, ಅದನ್ನು ಸಾಲಗಾರನೇ ತೋರಿಸಬೇಕು ಎಂದು ನ್ಯಾಯಾಲಯಗಳು ಹೇಳಿವೆ. ಬನ್ನೇರುಘಟ್ಟ, ಆನೇಕಲ್ ಕಡೆ ನಿವೇಶನ ಮಾಡುವ ಆಸೆಯಿಂದ ಭೂಪರಿವರ್ತನೆ ಮಾಡಿಸಿ, ಅನಂತರ ಅದೇ ಜಾಗವನ್ನು ಅಡವಿಟ್ಟರೆ ಈ ರಕ್ಷಣೆ ಇರುವುದಿಲ್ಲ. ಮೇವು ಬೆಳೆಯುತ್ತಿದ್ದರೆ ಬೆಳೆ ವಿವರ ಪಹಣಿಯಲ್ಲಿ ದಾಖಲಾಗಿದೆಯೇ ನೋಡಿಕೊಳ್ಳಿ.

ಇದೇ ಕಲಮಿನಂತೆ ಒಂದು ಲಕ್ಷ ರೂಪಾಯಿ ಮೀರದ ಬಾಕಿಗೂ, ಅಸಲು ಬಡ್ಡಿಯ ಶೇ. 20ಕ್ಕಿಂತ ಕಡಿಮೆ ಬಾಕಿ ಉಳಿದಿರುವಾಗಲೂ ಈ ಕಾಯ್ದೆ ಬಳಸುವಂತಿಲ್ಲ. ಹಾಗೆಂದು ಸಾಲ ಮನ್ನಾ ಆಯಿತೆಂದಲ್ಲ. ಬೇರೆ ಕಾಯ್ದೆಗಳಡಿ ವಸೂಲಿ ನಡೆಯುತ್ತದೆ.

ಹಸುಗಳ ವಿಚಾರ

ಅಡಮಾನವಿಲ್ಲದ ಸಾದಾ ಸಾಲಕ್ಕೆ ಡಿಕ್ರಿಯಾದರೆ, ರೈತನ ಜೀವನಕ್ಕೆ ಅವಶ್ಯವೆಂದು ನ್ಯಾಯಾಲಯ ಭಾವಿಸುವ ಜಾನುವಾರು, ಬಿತ್ತನೆ ಬೀಜ, ಉಪಕರಣ ಮತ್ತು ಆತ ವಾಸಿಸುವ ಮನೆಯನ್ನು ಜಪ್ತಿ ಮಾಡುವಂತಿಲ್ಲ. ಇದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು. ಆದರೆ ಸರ್ಫೇಸಿ ಕಾಯ್ದೆಯಡಿ, ಆ ಸಾಲಕ್ಕೆಂದೇ ಆಧಾರವಾಗಿ ಬರೆದುಕೊಟ್ಟ ಸ್ವತ್ತಿಗೆ ಈ ರಕ್ಷಣೆ ಇಲ್ಲ. ಮನೆಯನ್ನು ನೀವೇ ಬರೆದುಕೊಟ್ಟಿದ್ದರೆ 60ನೇ ಕಲಮನ್ನು ನಂಬಿ ಕೂರಬಾರದು.

ಮನೆ ಅಡಮಾನವಾಗಿದೆಯೆಂದರೆ ಹಿತ್ತಲಿನ ಹಸುಗಳೂ ಅಡಮಾನವಾದಂತಲ್ಲ. ಹಸುಗಳನ್ನೂ ಆಧಾರವಾಗಿ ಬರೆದುಕೊಟ್ಟಿಲ್ಲದಿದ್ದರೆ ಅವು ನಿಮ್ಮವು. ಆದುದರಿಂದ ಸಾಲಪತ್ರದಲ್ಲಿ ಏನೇನು ಬರೆದಿದೆ ಎಂದು ಓದಿಸಿ ತಿಳಿಯಿರಿ. ಸ್ವಾಧೀನದ ದಿನ ಗೊತ್ತಾದರೆ ಜಾನುವಾರುಗಳಿಗೆ ಜಾಗ ಮೊದಲೇ ನೋಡಿಕೊಳ್ಳಿ. ತುಂಬು ಗಬ್ಬದ ಹಸುವನ್ನು ಕೊನೆಯ ಗಳಿಗೆಯಲ್ಲಿ ಟೆಂಪೋ ಹತ್ತಿಸುವುದು ಅಪಾಯ. ಜಾಗ, ಮೇವು, ಹಾಲು ಕರೆಯುವ ಹೊತ್ತು ಒಟ್ಟಿಗೆ ಬದಲಾದರೆ ಹಾಲು ಇಳಿಯುತ್ತದೆ. ಹಾಲು ಇಳಿದರೆ ಕಂತು ಕಟ್ಟುವ ಶಕ್ತಿಯೂ ಇಳಿಯುತ್ತದೆ. ಹಾಗೆಯೇ ಕಿವಿ ಓಲೆ, ವಿಮಾ ಪತ್ರ, ಲಸಿಕೆಯ ದಾಖಲೆ, ಸಂಘದ ಪಾಸು ಪುಸ್ತಕ ಇವೆಲ್ಲ ಕೈಯಲ್ಲಿರಲಿ. ಇವು ಹಸು ಯಾರದ್ದೆಂದು ತೋರಿಸುವ ಸಾಕ್ಷಿಗಳು.

ಬಾಡಿಗೆ, ಭೋಗ್ಯದ ಮನೆಗಳಲ್ಲಿರುವವರು

ಬೆಂಗಳೂರಿನಲ್ಲಿ ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು ಬಾಡಿಗೆಯಿಲ್ಲದೆ ಇರುವ ಪದ್ಧತಿಗೆ ಭೋಗ್ಯ ಎನ್ನುತ್ತಾರೆ. ಸದಸ್ಯರ ಮಕ್ಕಳು ಅನೇಕರು ಹೀಗೆ ಇದ್ದಾರೆ. ಆ ಮನೆ ಮೊದಲೇ ಬ್ಯಾಂಕಿಗೆ ಅಡಮಾನವಾಗಿದ್ದು, ಮಾಲೀಕ ಕಂತು ಕಟ್ಟದಿದ್ದರೆ ತೊಂದರೆ ಒಳಗಿರುವವರಿಗೆ. ಅಡಮಾನಕ್ಕೆ ಮುಂಚಿನ ಕ್ರಮಬದ್ಧ ಬಾಡಿಗೆಗೆ ಬಲ ಹೆಚ್ಚು. ಅಡಮಾನದ ನಂತರದ್ದಕ್ಕೆ ಮಿತಿಗಳಿವೆ. ಬೇಡಿಕೆ ನೋಟಿಸು ಬಂದ ಮೇಲೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಮಾಲೀಕ ಮನೆಯನ್ನು ಬಾಡಿಗೆಗೆ ಕೊಡುವಂತೆಯೇ ಇಲ್ಲ. ಒಂದು ವರ್ಷ ಮೀರಿದ ಕರಾರು ನೋಂದಣಿಯಾಗಿರಬೇಕು. ಬಾಡಿಗೆದಾರರೂ ಸಾಲ ವಸೂಲಾತಿ ನ್ಯಾಯಮಂಡಳಿಯ ಮುಂದೆ ತಮ್ಮ ಹಕ್ಕು ಹೇಳಿಕೊಳ್ಳಬಹುದು. ಹಣ ಕೊಡುವ ಮುನ್ನ ಋಣಭಾರ ಪ್ರಮಾಣಪತ್ರ ತೆಗೆಸಿ. ಪತ್ರಗಳ ಒತ್ತೆಯ ಅಡಮಾನ ಅದರಲ್ಲಿ ಕಾಣದೆ ಇರಬಹುದು. ಆದುದರಿಂದ ಮೂಲ ಪತ್ರಗಳನ್ನು ಕಣ್ಣಾರೆ ನೋಡಿ. 2011ರಿಂದ ಇಂಥ ಅಡಮಾನಗಳಿಗಾಗಿ ಇರುವ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲಿ ಶುಲ್ಕ ಕಟ್ಟಿ ಹುಡುಕಿಸಿ.

ಹರಾಜಿನಲ್ಲಿ ಕೊಳ್ಳುವವರಿಗೆ

ಜಮೀನು ಮಾರಿದ ಹಣದಲ್ಲಿ ಬನಶಂಕರಿಯಲ್ಲೋ ಜೆ.ಪಿ. ನಗರದಲ್ಲೋ ಬ್ಯಾಂಕ್ ಹರಾಜಿನ ಮನೆ ಕಡಿಮೆಗೆ ಸಿಗುತ್ತದೆಂದು ಹೋಗುವವರು ಒಂದು ಪ್ರಶ್ನೆ ಮೊದಲು ಕೇಳಬೇಕು. ಬ್ಯಾಂಕಿನ ಬಳಿ ಇರುವುದು ಸಾಂಕೇತಿಕ ಸ್ವಾಧೀನವೇ, ನಿಜ ಸ್ವಾಧೀನವೇ? ಪ್ರಕಟಣೆಯಲ್ಲಿಯೇ ಇದನ್ನು ಬರೆದಿರುತ್ತಾರೆ. ಸಾಂಕೇತಿಕವಾದರೆ ಹಣ ಕಟ್ಟಿದ ಮೇಲೂ ಬೀಗದ ಕೈಗೆ ಕಾಯಬೇಕಾದೀತು. ಒಳಗಿರುವವರು ಯಾರು, ಕಂದಾಯ, ವಿದ್ಯುತ್, ನೀರಿನ ಬಾಕಿ ಎಷ್ಟು, ನ್ಯಾಯಮಂಡಳಿಯಲ್ಲಿ ತಕರಾರು ಇದೆಯೇ ಎಂದು ವಿಚಾರಿಸಿ. ಇದ್ದದ್ದು ಇದ್ದ ಹಾಗೆ ಮಾರಾಟ ಎಂಬ ಷರತ್ತಿನ ಅರ್ಥ ಅದೇ.

ಹರಾಜಿನ ಹಣ ಎಲ್ಲಿ ಹೋಗುತ್ತದೆ?

ಮನೆ ಹೋದ ದುಃಖದಲ್ಲಿ ಇದನ್ನು ಕೇಳುವವರೇ ಕಡಿಮೆ. ಉದಾಹರಣೆಗೆ ಬಾಕಿ 12 ಲಕ್ಷ, ಖರ್ಚು 1 ಲಕ್ಷ, ಹರಾಜು 20 ಲಕ್ಷಕ್ಕೆ ಆದರೆ, ಬೇರೆ ಹಕ್ಕುದಾರರು ಇಲ್ಲದಿದ್ದಲ್ಲಿ, ಉಳಿದ 7 ಲಕ್ಷ ನಿಮ್ಮದು. ಲೆಕ್ಕಪಟ್ಟಿಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ಹರಾಜು 9 ಲಕ್ಷಕ್ಕೆ ಆದರೆ ಕೊರತೆಯಾದ 4 ಲಕ್ಷಕ್ಕೆ ಬ್ಯಾಂಕು ಮತ್ತೆ ನಿಮ್ಮ ಮೇಲೆ, ಜಾಮೀನುದಾರರ ಮೇಲೆ ಬರಬಹುದು. ಜಾಮೀನು ರುಜು ಹಾಕಿದವರ ಹೊಣೆ ಸಾಲಗಾರನ ಹೊಣೆಗೆ ಸಮ. ಸಾಲಗಾರನನ್ನು ಮೊದಲು ಹಿಡಿಯಿರಿ ಎಂದು ಹೇಳುವಂತಿಲ್ಲ.

ಸದಸ್ಯರಿಗೆ ಕೆಲವು ಸಲಹೆಗಳು

1. ಎರಡು ಹಸುವಿನ ಸಾಲಕ್ಕೆ ಮನೆ ಪತ್ರ ಕೊಡಬೇಡಿ. 2025ರ ಜನವರಿ 1ರಿಂದ ಕೃಷಿ ಮತ್ತು ಹೈನುಗಾರಿಕೆಯಂಥ ಉಪಕಸುಬಿನ 2 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಬ್ಯಾಂಕುಗಳು ಆಧಾರ ಕೇಳಬಾರದೆಂದು ರಿಸರ್ವ್ ಬ್ಯಾಂಕ್ ಸೂಚಿಸಿದೆ.

2. ಹಸು ಸತ್ತಾಗ, ರೋಗ ಬಂದಾಗ, ಕಂತು ತಪ್ಪುವ ಮುನ್ನವೇ ಬ್ಯಾಂಕಿಗೆ ಅರ್ಜಿ ಕೊಟ್ಟು ಅವಧಿ ಮರುಹೊಂದಾಣಿಕೆ ಕೇಳಿ. ಪಶುವೈದ್ಯರ ಪ್ರಮಾಣಪತ್ರ ಲಗತ್ತಿಸಿ. ಹಸುವಿಗೆ ವಿಮೆ ಇರಲೇಬೇಕು.

3. ಯಾವ ನೋಟಿಸನ್ನೂ ನಿರಾಕರಿಸಬೇಡಿ. ಬಂದ ದಿನಾಂಕವನ್ನು ಲಕೋಟೆಯ ಮೇಲೆಯೇ ಬರೆದಿಡಿ. 60, 45, 30 ದಿನಗಳ ಲೆಕ್ಕ ಹಾಕಿ.

4. ಕಂತು ಕಟ್ಟಿದ ರಸೀದಿಗಳನ್ನು ಒಂದೇ ಕಡೆ ಇಡಿ.

5. ಸಾಲ ಪೂರ್ತಿ ತೀರಿದ ಮೇಲೆ 30 ದಿನಗಳಲ್ಲಿ ಮೂಲ ಪತ್ರಗಳನ್ನು ಬ್ಯಾಂಕು ವಾಪಸು ಕೊಡಬೇಕು. ತನ್ನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ.

6. ವಕೀಲರ ಖರ್ಚಿಗೆ ಶಕ್ತಿಯಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಉಂಟು. ದೂರವಾಣಿ ಸಂಖ್ಯೆ 15100.

7. ಪತ್ರ ಕೊಡುವ ಮುನ್ನ ಮನೆಯ ಹೆಣ್ಣುಮಕ್ಕಳೊಡನೆ ಕುಳಿತು ಮಾತಾಡಿ. ಬೆಳಗಿನ ಜಾವ ಎದ್ದು ಹಾಲು ಕರೆಯುವವರು ಅವರು. ಜಾಗ ಹೋದರೆ ಮೊದಲು ಹೋಗುವುದು ಅವರ ದುಡಿಮೆ.

ಸಾಲವೇ ಬೇಡವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಒಳ್ಳೆಯ ಹಸು, ಒಳ್ಳೆಯ ಕೊಟ್ಟಿಗೆ ಸಾಲದಿಂದಲೇ ಎದ್ದ ಉದಾಹರಣೆಗಳು ನಮ್ಮ ಸಂಘಗಳಲ್ಲಿ ಬೇಕಾದಷ್ಟಿವೆ. ಹಾಲಿನ ಬಿಲ್ಲಿನಿಂದ ತೀರುವಷ್ಟು ಸಾಲ ಮಾಡಿ, ಬರೆದುಕೊಟ್ಟದ್ದನ್ನು ಓದಿ ತಿಳಿದು, ನೋಟಿಸು ಬಂದ ದಿನವೇ ಎದ್ದು ಹೊರಡುವ ಸದಸ್ಯರಿಗೆ ಕಾಯ್ದೆಯಲ್ಲಿ ಇನ್ನೂ ಸಾಕಷ್ಟು ದಾರಿಗಳಿವೆ. ಈ ವಿಷಯವನ್ನು ಮುಂದಿನ ಸಂಘದ ಸಭೆಯಲ್ಲಿ ಒಮ್ಮೆ ಓದಿ ಹೇಳಬೇಕೆಂದು ಕಾರ್ಯದರ್ಶಿಗಳಲ್ಲಿ ವಿನಂತಿ. ಓದಲು ಬಾರದ ಸದಸ್ಯರಿಗೆ ಇದರ ಅಗತ್ಯ ಎಲ್ಲರಿಗಿಂತ ಹೆಚ್ಚು.